ಕೊಲೊರಾಡೊ ರ‍್ಯಾಂಚ್‌ನಲ್ಲಿ ಗೈಡ್ ಜೊತೆ ಎಲ್ಕ್ ಬೇಟೆ: ಟೂರಿಸ್ಟ್ ವೀಸಾದಲ್ಲಿ ಹೋಗ್ಬಹುದಾ?

ಬನಶಂಕರಿ_ಕಿರಣ:
ಎಲ್ರಿಗೂ ನಮಸ್ಕಾರ. ನಮ್ಮ ಭಾವ ಅಮೆರಿಕದ ಡೆನ್ವರ್‌ನಲ್ಲಿದಾರೆ, ಅವ್ರ ಆಫೀಸ್‌ನವ್ರು ಪ್ರತಿ ಅಕ್ಟೋಬರ್‌ನಲ್ಲಿ ಒಂದು ಪ್ರೈವೇಟ್ ರ‍್ಯಾಂಚ್‌ಗೆ ಹೋಗಿ ಗೈಡ್ ಇಟ್ಕೊಂಡು ಎಲ್ಕ್ (ಅಲ್ಲಿನ ದೊಡ್ಡ ಜಾತಿ ಜಿಂಕೆ) ಬೇಟೆ ಆಡ್ತಾರೆ, ಮುಂದಿನ ಸಲ ನೀನೂ ಬಾ ಅಂತಿದಾರೆ. ನನ್ನ ಹತ್ರ ಇರೋದು ಟೂರಿಸ್ಟ್ ವೀಸಾ, ಅದರಲ್ಲಿ ರೈಫಲ್ ಮುಟ್ಟಬಹುದಾ? ಜಮೀನೇ ಓನರ್‌ದು ಅಂದ್ಮೇಲೆ ಪ್ರಾಣಿನೂ ಅವನದ್ದೇ ತಾನೇ, ಮತ್ತೆ ಸರ್ಕಾರದ ಲೈಸೆನ್ಸ್ ಯಾಕೆ? ಖರ್ಚೆಷ್ಟು? ಕೊಂಬು ಬೆಂಗಳೂರಿಗೆ ತರಬಹುದಾ? ಹೋಗಿ ಬಂದವ್ರು ಇದ್ರೆ ಹೇಳಿ ಪ್ಲೀಸ್.

ವೈಟ್‌ಫೀಲ್ಡ್_ವಾಪಸ್ಸು:
ಕಿರಣ್, ನಾನು ಅಲ್ಲಿ ಕೆಲಸದಲ್ಲಿದ್ದಾಗ ಹೋಗ್ತಿದ್ದೆ. ಮೊದಲು ವೀಸಾ ವಿಷ್ಯ, ಯಾಕಂದ್ರೆ ಇದರಲ್ಲಿ ಎಡವಿದ್ರೆ ಜೈಲು. ಅಲ್ಲಿನ ಫೆಡರಲ್ (ಕೇಂದ್ರದ) ಕಾನೂನಿನ ಪ್ರಕಾರ ಟೂರಿಸ್ಟ್ ವೀಸಾದವ್ರು ಬಂದೂಕು ಇಟ್ಕೊಳ್ಳೋ ಹಾಗಿಲ್ಲ, ಗೈಡ್‌ದನ್ನ ಕೈಯಲ್ಲಿ ಹಿಡಿದ್ರೂ ತಪ್ಪೇ, ಆದ್ರೆ ಅಲ್ಲಿನ ಒಂದು ರಾಜ್ಯ ಕೊಟ್ಟ ಹಂಟಿಂಗ್ ಲೈಸೆನ್ಸ್ ಇದ್ರೆ ವಿನಾಯ್ತಿ ಇದೆ. ಅಂದ್ರೆ ಲೈಸೆನ್ಸ್ ಕೈಗೆ ಬರೋವರೆಗೂ ಭಾವ ಶೂಟಿಂಗ್ ರೇಂಜ್‌ಗೆ ಕರೆದ್ರೂ ಹೋಗ್ಬೇಡಿ.

ಇನ್ನು ಜಮೀನು. ಬೇಲಿಯೊಳಗೆ ಹತ್ತು ಸಾವಿರ ಎಕರೆ ಇದ್ರೂ ಅದರೊಳಗೆ ಮೇಯೋ ಕಾಡು ಎಲ್ಕ್ ಓನರ್‌ದಲ್ಲ, ರಾಜ್ಯದ ಜನರ ಸ್ವತ್ತು. ಓನರ್ ಮಾರೋದು ಒಳಗೆ ಬರೋ ಅನುಮತಿ, ಗೈಡು, ಊಟ, ವಸತಿ ಅಷ್ಟೇ. ಹೊಡೆಯೋ ಹಕ್ಕು ಅಂದ್ರೆ ಟ್ಯಾಗು, ಅದನ್ನ ಕೊಡೋದು ರಾಜ್ಯ. ಕೊಲೊರಾಡೊದಲ್ಲಿ ಬೇಟೆಗೆ ಅಂತ ಭಾಗ ಮಾಡಿರೋ ಪ್ರದೇಶಕ್ಕೆ ಯೂನಿಟ್ ಅಂತಾರೆ, ಬಹಳಷ್ಟು ಯೂನಿಟ್‌ಗೆ ಏಪ್ರಿಲ್ ಶುರುನಲ್ಲೇ ಅರ್ಜಿ ಹಾಕ್ಬೇಕು, ಡ್ರಾ ಎತ್ತುತ್ತಾರೆ, ಸಿಗದೇ ಇದ್ರೆ ಮುಂದಿನ ಡ್ರಾನಲ್ಲಿ ಆದ್ಯತೆಗೆ ಒಂದು ಪಾಯಿಂಟ್ ಸೇರುತ್ತೆ. ಕೆಲವು ಜಮೀನ್ದಾರರಿಗೆ ರಾಜ್ಯವೇ ವೋಚರ್ ಕೊಡುತ್ತೆ, ಆ ವೋಚರ್ ಮೇಲೆ ನೀವು ಲೈಸೆನ್ಸ್ ತಗೋಬಹುದು. ನ್ಯೂ ಮೆಕ್ಸಿಕೋದಲ್ಲೂ ಹಿಂಗೇ, ಕೆಲವು ಟ್ಯಾಗ್ ಆ ರ‍್ಯಾಂಚ್ ಒಳಗೆ ಮಾತ್ರ ನಡೆಯುತ್ತೆ, ಕೆಲವು ಇಡೀ ಯೂನಿಟ್‌ಗೆ. ದುಡ್ಡು ಕಟ್ಟೋ ಮುಂಚೆ ಟ್ಯಾಗ್ ಯಾವುದು, ಎಲ್ಲೆಲ್ಲಿ ನಡೆಯುತ್ತೆ ಅಂತ ಬರವಣಿಗೆಯಲ್ಲಿ ಕೇಳಿ.

ಖರ್ಚು ಆರೇಳು ಸಾವಿರ ಡಾಲರ್‌ನಿಂದ ಶುರು, ಒಳ್ಳೆ ರ‍್ಯಾಂಚ್ ಆದ್ರೆ ಹತ್ತು ಸಾವಿರ ದಾಟುತ್ತೆ, ಲೈಸೆನ್ಸ್‌ಗೆ ಹೊರಗಿನವ್ರಿಗೆ ಎಂಟ್ನೂರು ಡಾಲರ್ ಆಸುಪಾಸು, ಗೈಡ್‌ಗೆ ಟಿಪ್ಸ್ ಬೇರೆ. 1949ರಿಂದ ಈಚೆ ಹುಟ್ಟಿದವ್ರಿಗೆ ಹಂಟರ್ ಎಜುಕೇಶನ್ ಕಾರ್ಡ್ (ಬೇಟೆ ತರಬೇತಿ ಮುಗಿಸಿದ್ದಕ್ಕೆ ಕೊಡೋದು) ಕೂಡ ಕೇಳ್ತಾರೆ.

ತುರಹಳ್ಳಿ_ನಡಿಗೆ:
ದುಡ್ಡು ಕೊಟ್ಟು ಪ್ರಾಣಿ ಕೊಲ್ಲೋಕೆ ಅಷ್ಟು ದೂರ ಹೋಗ್ಬೇಕಾ ಕಿರಣ್? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿದ್ದಕ್ಕೇ ನಮ್ಮ ಬಂಡೀಪುರ, ನಾಗರಹೊಳೆಯಲ್ಲಿ ಇವತ್ತು ಕಡವೆ ಉಳಿದಿರೋದು. ಮನಸ್ಸಿಗೆ ತುಂಬ ಬೇಜಾರಾಯ್ತು ಓದಿ.

ವೈಟ್‌ಫೀಲ್ಡ್_ವಾಪಸ್ಸು:
ಮೇಡಂ, ನಿಮ್ಮ ಬೇಜಾರು ಅರ್ಥ ಆಗುತ್ತೆ, ನಮ್ಮ ಕಾಡಿಗೆ ಆ ಕಾಯ್ದೆ ಬೇಕೇ ಬೇಕಿತ್ತು, ನಾನಿಲ್ಲಿ ಬೇಟೆ ತೆರೆಯಿರಿ ಅಂತ ಯಾವತ್ತೂ ಹೇಳಲ್ಲ. ಆದ್ರೆ ಅಲ್ಲಿನ ಕಥೆ ಬೇರೆ. ಮಾರ್ಕೆಟ್‌ಗೆ ಮಾಂಸ ಮಾರೋರು ಹೊಡೆದೂ ಹೊಡೆದೂ ಇಪ್ಪತ್ತನೇ ಶತಮಾನದ ಶುರುವಿಗೆ ಎಲ್ಕ್ ಸಂಖ್ಯೆ ಲಕ್ಷಕ್ಕಿಂತ ಕೆಳಗೆ ಹೋಗಿತ್ತು, ಈಗ ಹತ್ತು ಲಕ್ಷದ ಹತ್ರ ಇದೆ. 1937ರ ಕಾನೂನಿನಿಂದ ರೈಫಲ್ಲು, ಗುಂಡಿನ ಮೇಲೆ ಶೇ. 11 ತೆರಿಗೆ ಹಾಕಿ ಆ ದುಡ್ಡನ್ನ ರಾಜ್ಯಗಳ ವನ್ಯಜೀವಿ ಇಲಾಖೆಗೆ ಕೊಡ್ತಾರೆ, ಲೈಸೆನ್ಸ್ ದುಡ್ಡೂ ಅಲ್ಲಿಗೇ. ಪ್ರತಿ ಯೂನಿಟ್‌ಗೆ ಇಷ್ಟೇ ಅಂತ ಲೆಕ್ಕ ಹಾಕಿ ಟ್ಯಾಗ್ ಕೊಡೋದು. ಹೊಡೆದ ಮೇಲೆ ತಿನ್ನೋ ಮಾಂಸ ಬಿಟ್ಟು ಕೊಂಬು ಮಾತ್ರ ತಗೊಂಡು ಬಂದ್ರೆ ಕೇಸ್ ಹಾಕ್ತಾರೆ.

ಮಡಿಕೇರಿಯಿಂದ_ಆರ್‌ಟಿನಗರ:
ನಮ್ಮ ಕೊಡಗಿನ ಮನೆಯಲ್ಲಿ ಕೋವಿ ಇದೆ, ಕೈಲ್‌ಪೊಳ್ದ್‌ಗೆ ಪೂಜೆ ಮಾಡ್ತೀವಿ, ತೆಂಗಿನಕಾಯಿಗೆ ಗುರಿ ಇಟ್ಟು ಹೊಡೀತೀವಿ. ಆದ್ರೂ ಕಿರಣ್ ಅವ್ರಿಗೆ ಹೇಳೋದು ಗುರಿ ಬಗ್ಗೆ ಅಲ್ಲ, ಉಸಿರಿನ ಬಗ್ಗೆ. ಅಲ್ಲಿ ಕಸಿನ್ ಜೊತೆ ಹೋಗಿದ್ದ ಬೇಟೆ ಕ್ಯಾಂಪ್ ಎಂಟು ಸಾವಿರ ಅಡಿ ಮೇಲಿತ್ತು, ನಮ್ಮ ಮುಳ್ಳಯ್ಯನಗಿರಿ ತುದಿನೇ ಆರು ಸಾವಿರದ ಮುನ್ನೂರು ಚಿಲ್ಲರೆ ಅಡಿ, ಲೆಕ್ಕ ಹಾಕಿ. ಬೆಳಗಿನ ಜಾವ ಕತ್ತಲಲ್ಲೇ ಹಿಮದಲ್ಲಿ ಹತ್ತೋದು, ಗಾಳಿ ನಿಮ್ಮ ಕಡೆಯಿಂದ ಎಲ್ಕ್ ಕಡೆಗೆ ಬೀಸಿದ್ರೆ ಇಡೀ ಹಿಂಡು ಗುಡ್ಡ ದಾಟಿ ಹೋಗುತ್ತೆ, ಗೈಡ್ ಕೂರಿ ಅಂದ್ರೆ ಅಲ್ಲೇ ಕೂರಬೇಕು. ಗಂಡು ಮುನ್ನೂರು ಕೆಜಿ ಮೇಲೆ, ಮೂಳೆ ಬಿಡಿಸಿದ್ರೂ ನೂರು ಕೆಜಿ ಹತ್ರ ಮಾಂಸ, ಬಿದ್ದ ಜಾಗಕ್ಕೆ ಗಾಡಿ ಬರದಿದ್ರೆ ಕುದುರೆ ಮೇಲೋ ನಿಮ್ಮ ಬೆನ್ನ ಮೇಲೋ. ಇವತ್ತಿಂದಲೇ ಬೆನ್ನಿಗೆ ಭಾರ ಹಾಕ್ಕೊಂಡು ನಂದಿ ಬೆಟ್ಟದ ಮೆಟ್ಟಿಲು ಹತ್ತಿ. ಖಚಿತ ಇಲ್ಲದ ಗುಂಡು ಹೊಡೀಬೇಡಿ, ಗಾಯಗೊಂಡ ಪ್ರಾಣಿ ಕಾಡಲ್ಲಿ ನರಳಿ ಸಾಯೋದು ನೋಡೋಕಾಗಲ್ಲ.

ಬನಶಂಕರಿ_ಕಿರಣ:
ತುಂಬಾ ಥ್ಯಾಂಕ್ಸ್. ತುರಹಳ್ಳಿ ಮೇಡಂ, ನಿಮ್ಮ ಮಾತೂ ತಲೇಲಿದೆ, ಮೊದಲ ವರ್ಷ ಬಂದೂಕಿಲ್ಲದೆ ಬರೀ ಜೊತೆಗೆ ಹೋಗಿ ನೋಡೋಣ ಅಂದ್ಕೊಂಡಿದೀನಿ, ರ‍್ಯಾಂಚ್‌ನವ್ರು ಹಂಗೆ ಸೇರಿಸ್ಕೋತಾರಾ?

ವೈಟ್‌ಫೀಲ್ಡ್_ವಾಪಸ್ಸು:
ಸೇರಿಸ್ಕೋತಾರೆ, ಕಮ್ಮಿ ರೇಟ್‌ಗೆ, ಮೊದಲೇ ಹೇಳಿ. ರೈಫಲ್ ಸೀಸನ್‌ನಲ್ಲಿ ಜೊತೆಗಿರೋರೂ ಕಿತ್ತಳೆ ಬಣ್ಣದ ಜಾಕೆಟ್, ಟೋಪಿ ಹಾಕ್ಕೊಳ್ಳೋದು ಒಳ್ಳೇದು. ಕೊಂಬು, ಮಾಂಸ ಎರಡೂ ಭಾವನ ಮನೇಲೇ ಇರಲಿ, ಇಲ್ಲಿ ಕಸ್ಟಮ್ಸ್‌ನಲ್ಲಿ ಸಿಕ್ಕಾಕೊಳ್ತೀರಿ. ಮಾಂಸ ತಿನ್ನೋ ಮುಂಚೆ ಸಿಡಬ್ಲ್ಯೂಡಿ ಟೆಸ್ಟ್ ಮಾಡಿಸಿ, ಜಿಂಕೆ ಜಾತಿಗೆ ಬರೋ ಮೆದುಳಿನ ಕಾಯಿಲೆ ಅದು, ಕೊಲೊರಾಡೊದಲ್ಲೇ 1967ರಲ್ಲಿ ಮೊದಲು ಕಂಡಿದ್ದು.