ಗೋ ಭಾಷೆಯಲ್ಲಿ ಮೇಲ್ ಕಳಿಸುವಾಗ "ಅನ್‌ಎನ್‌ಕ್ರಿಪ್ಟೆಡ್ ಕನೆಕ್ಷನ್" ಎರರ್: ಆ ಚೆಕ್ ದಾಟಿಸಿಬಿಡಲಾ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಮೇಲ್ ಸರ್ವರ್ ನೋಡಿಕೊಳ್ಳುವವರು ಯಾರಾದರೂ ಇದ್ದರೆ ಸ್ವಲ್ಪ ಹೇಳಿ. ಆಫೀಸಿನಲ್ಲಿ ಎಲ್ಲರಿಗೂ ಪೇ ಸ್ಲಿಪ್ ಕಳಿಸುವುದಕ್ಕೆ ಗೋ ಭಾಷೆಯಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದೇನೆ. ಅದರ ಜೊತೆಗೇ ಬರುವ ಎಸ್‌ಎಂಟಿಪಿ (ಮೇಲ್ ಕಳಿಸುವ ವಿಧಾನ) ಲೈಬ್ರರಿ, ಅದರಲ್ಲಿ ಯೂಸರ್‌ನೇಮ್, ಪಾಸ್‌ವರ್ಡ್ ಕೊಡುವ ಪ್ಲೇನ್‌ಆಥ್, ಪತ್ರ ಕಳಿಸುವ ಸೆಂಡ್‌ಮೇಲ್, ಇಷ್ಟೇ. ನನ್ನ ಲ್ಯಾಪ್‌ಟಾಪ್‌ನಲ್ಲಿ ಲೋಕಲ್‌ಹೋಸ್ಟ್‌ಗೆ ಕಳಿಸಿ ನೋಡಿದಾಗ ಸಲೀಸಾಗಿ ಹೋಗುತ್ತಿತ್ತು. ಆಫೀಸಿನ ಮೇಲ್ ಸರ್ವರ್ ಹೆಸರು, ಪೋರ್ಟ್ 25 ಕೊಟ್ಟ ತಕ್ಷಣ "ಅನ್‌ಎನ್‌ಕ್ರಿಪ್ಟೆಡ್ ಕನೆಕ್ಷನ್" ಅಂತ ಎರರ್ ಬಂದು ನಿಂತುಬಿಡುತ್ತದೆ. ಯೂಸರ್‌ನೇಮ್, ಪಾಸ್‌ವರ್ಡ್ ಎರಡೂ ಸರಿ ಇವೆ. ನೆಟ್‌ನಲ್ಲಿ ಒಂದು ಉಪಾಯ ಸಿಕ್ಕಿತು. ಪ್ಲೇನ್‌ಆಥ್ ಸುತ್ತ ನಮ್ಮದೇ ಒಂದು ಸ್ಟ್ರಕ್ಟ್ ಬರೆದು, ಸ್ಟಾರ್ಟ್ ಫಂಕ್ಷನ್‌ನಲ್ಲಿ ಟಿಎಲ್‌ಎಸ್ (ಕನೆಕ್ಷನ್ನನ್ನು ಎನ್‌ಕ್ರಿಪ್ಟ್ ಮಾಡುವ ವ್ಯವಸ್ಥೆ) ಇದೆಯಾ ಅನ್ನುವ ಫೀಲ್ಡನ್ನು ಟ್ರೂ ಮಾಡಿ ಮುಂದಕ್ಕೆ ದಾಟಿಸುವುದು. ನಾಲ್ಕೈದು ಸಾಲಿನ ಕೆಲಸ. ಆಫೀಸ್ ಒಳಗಿನ ನೆಟ್‌ವರ್ಕ್ ತಾನೇ, ಹಾಕಿಬಿಡಲಾ?

ಉತ್ತರ (ಮೇಲ್ ಸರ್ವರ್ ಅಡ್ಮಿನ್):
ಬೇಡ. ಆ ಸ್ಟ್ರಕ್ಟ್ ಕೆಲಸ ಮಾಡುತ್ತದೆ, ಅದೇ ಅದರ ತೊಂದರೆ. ನೀವು ಲೈಬ್ರರಿಗೆ "ಟಿಎಲ್‌ಎಸ್ ಇದೆ" ಅಂತ ಸುಳ್ಳು ಹೇಳಿದ ಹಾಗಾಯಿತು, ಅದು ನಂಬಿ ಪಾಸ್‌ವರ್ಡ್ ಕೊಟ್ಟುಬಿಡುತ್ತದೆ.

ಮೊದಲು ಪಾಸ್‌ವರ್ಡ್ ತಂತಿಯ ಮೇಲೆ ಹೇಗೆ ಕಾಣುತ್ತದೆ ಅಂತ ನೋಡಿ. ಟೆಸ್ಟ್‌ಗೆ ಅಂತ ಒಂದು ಡಮ್ಮಿ ಅಕೌಂಟ್ ಮಾಡಿಕೊಂಡು, ನೆಟ್‌ವರ್ಕ್‌ನಲ್ಲಿ ಹೋಗುವುದನ್ನು ತೋರಿಸುವ ಟಿಸಿಪಿಡಂಪ್ ಹಚ್ಚಿ ಪೋರ್ಟ್ 25 ನೋಡುತ್ತಾ ಕೂತರೆ "ಆಥ್ ಪ್ಲೇನ್" ಅನ್ನುವ ಸಾಲಿನಲ್ಲಿ ಒಂದು ಅಕ್ಷರದ ಸರಮಾಲೆ ಬರುತ್ತದೆ. ಅದು ಬರೀ ಬೇಸ್64, ಅಂದರೆ ಬೈಟ್‌ಗಳನ್ನು ಅಕ್ಷರವಾಗಿ ಬರೆಯುವ ರೀತಿ, ಗುಟ್ಟೇನಿಲ್ಲ. ಒಂದು ಸೊನ್ನೆ ಬೈಟ್, ಯೂಸರ್‌ನೇಮ್, ಇನ್ನೊಂದು ಸೊನ್ನೆ ಬೈಟ್, ಪಾಸ್‌ವರ್ಡ್, ಇವನ್ನು ಜೋಡಿಸಿ ಬೇಸ್64 ಮಾಡಿರುತ್ತಾರೆ. ಯೂಸರ್‌ನೇಮ್ ಇಂಗ್ಲಿಷ್ ಸಣ್ಣ ಅಕ್ಷರದಿಂದ ಶುರುವಾಗಿದ್ದರೆ ಆ ಸಾಲು ಯಾವಾಗಲೂ ದೊಡ್ಡ ಎ-ಜಿ ಅಥವಾ ಎ-ಎಚ್ ಇಂದಲೇ ಶುರು. ನಮ್ಮಂಥವರಿಗೆ ಇದು ಎಷ್ಟು ರೂಢಿ ಅಂದರೆ ಲಾಗ್‌ನಲ್ಲಿ ಹಾಯುತ್ತಾ ಹೋದರೂ ಕಣ್ಣಿಗೆ ಬೀಳುತ್ತದೆ. ಬಿಚ್ಚೋಕೆ ಒಂದು ಕಮಾಂಡ್ ಸಾಕು, ಕೀ ಗೀ ಏನೂ ಬೇಡ. ಅದರ ಹಿಂದೆಯೇ ನಿಮ್ಮ ಪೇ ಸ್ಲಿಪ್ ಕೂಡ ಹಾಗೇ ಹೋಗುತ್ತಿರುತ್ತದೆ. ಆಫೀಸಿನ ಒಳಗೇ ಯಾರ ಸಂಬಳ ಎಷ್ಟು ಅಂತ ತಿಳಿಯೋಕೆ ಆಸೆ ಇರುವವರು ಕಡಿಮೆಯೇನಿಲ್ಲ, ಅಲ್ವಾ?

ಈಗ ಲೈಬ್ರರಿ ಯಾಕಿಷ್ಟು ಹಟ ಮಾಡುತ್ತದೆ ಅನ್ನುವುದು. ಗೋ 1.0 ಬಂದಾಗಲೇ ಈ ಚೆಕ್ ಇತ್ತು. ಟಿಎಲ್‌ಎಸ್ ಇಲ್ಲದಿದ್ದರೆ ಪ್ಲೇನ್ ಇಲ್ಲ. 2013ರಲ್ಲಿ ಅದನ್ನು ಸಡಿಲ ಮಾಡಿದರು. ಸರ್ವರೇ "ನನಗೆ ಪ್ಲೇನ್ ಆಗುತ್ತದೆ" ಅಂತ ಹೇಳಿದರೆ ಟಿಎಲ್‌ಎಸ್ ಇಲ್ಲದೆಯೂ ಕಳಿಸಬಹುದು ಅಂತ ಆಯಿತು. ಕೇಳೋಕೆ ನ್ಯಾಯವಾಗಿಯೇ ಇದೆ. ಆದರೆ ಟಿಎಲ್‌ಎಸ್ ಇಲ್ಲದಾಗ ಹಾಗೆ ಹೇಳುತ್ತಿರುವುದು ನಿಮ್ಮ ಸರ್ವರೋ, ಮಧ್ಯೆ ಕೂತ ಇನ್ಯಾರೋ, ಗೊತ್ತಾಗುವುದು ಹೇಗೆ? ಗೇಟಿನಲ್ಲಿ ನಿಂತವನು "ನಾನೇ ಮನೆಯವನು" ಅಂದ ಅಂತ ಅವನ ಕೈಗೇ ಬೀಗದ ಕೈ ಕೊಟ್ಟ ಹಾಗೆ. ಟಿಎಲ್‌ಎಸ್‌ಗೆ ಬದಲಾಗಬಹುದು ಅಂತ ಸರ್ವರ್ ಹೇಳುವ ಸ್ಟಾರ್ಟ್‌ಟಿಎಲ್‌ಎಸ್ ಸಾಲನ್ನು ಮಧ್ಯದವನು ಅಳಿಸಿ, ಪ್ಲೇನ್ ಮಾತ್ರ ತೋರಿಸಿದರೆ ಮುಗೀತು, ಪಾಸ್‌ವರ್ಡ್ ಅವನದು. 2017ರಲ್ಲಿ ಇದಕ್ಕೆ ಭದ್ರತಾ ದೋಷಗಳ ಪಟ್ಟಿಯಲ್ಲಿ ಸಿವಿಇ-2017-15042 ಅಂತ ನಂಬರ್ ಬಿತ್ತು, ಗೋ 1.8.4 ಮತ್ತು 1.9.1ರಲ್ಲಿ ಹಳೆಯ ಚೆಕ್ ವಾಪಸ್ ಬಂತು, ಲೋಕಲ್‌ಹೋಸ್ಟ್‌ಗೆ ಮಾತ್ರ ರಿಯಾಯಿತಿ. ನೀವು ಹಾಕಬೇಕು ಅಂತಿರುವ ಸ್ಟ್ರಕ್ಟ್ ಆ ತೂತನ್ನು ಮತ್ತೆ ಕೊರೆಯುತ್ತದೆ, 2013ರದ್ದಕ್ಕಿಂತ ಸ್ವಲ್ಪ ಜಾಸ್ತಿಯೇ.

ನಿಮ್ಮ ಎರರ್‌ನಿಂದ ಇನ್ನೂ ಎರಡು ವಿಷಯ ಗೊತ್ತಾಗುತ್ತದೆ. ಸರ್ವರ್ ಸ್ಟಾರ್ಟ್‌ಟಿಎಲ್‌ಎಸ್ ತೋರಿಸಿದ್ದರೆ ಸೆಂಡ್‌ಮೇಲ್ ತಾನಾಗಿಯೇ ಟಿಎಲ್‌ಎಸ್‌ಗೆ ಹೋಗುತ್ತಿತ್ತು, ಅಂದರೆ ನಿಮ್ಮ ಪ್ರೋಗ್ರಾಂಗೆ ಅದು ಕಂಡಿಲ್ಲ. ಆಥ್ (ಲಾಗಿನ್ ಆಗಬಹುದು ಅನ್ನುವ ಸಾಲು) ಮಾತ್ರ ಕಂಡಿದೆ, ಇಲ್ಲದಿದ್ದರೆ "ಸರ್ವರ್ ಆಥ್ ಸಪೋರ್ಟ್ ಮಾಡಲ್ಲ" ಅನ್ನುವ ಬೇರೆ ಎರರ್ ಬರುತ್ತಿತ್ತು. ಒಂದು ಕೆಲಸ ಮಾಡಿ. ಪ್ರೋಗ್ರಾಂ ಓಡುವ ಮಷಿನ್‌ನಿಂದ ಪೋರ್ಟ್ 25ಕ್ಕೆ ಟೆಲ್‌ನೆಟ್ ಮಾಡಿ ಇಎಚ್‌ಎಲ್‌ಓ (ನಿನಗೆ ಏನೇನು ಬರುತ್ತದೆ ಅಂತ ಸರ್ವರನ್ನು ಕೇಳುವ ಕಮಾಂಡ್) ಕೊಡಿ. ಮೇಲ್ ಸರ್ವರ್ ಮೇಲೆಯೇ ಕೂತು ಅದನ್ನೇ ಇನ್ನೊಮ್ಮೆ ಕೊಡಿ. ಎರಡರ ಉತ್ತರವನ್ನೂ ಇಲ್ಲಿ ಹಾಕಿ.

ಪ್ರಶ್ನೆ ಕೇಳಿದವರು:
ಮೇಡಂ, ನೋಡಿದೆ. ಸರ್ವರ್ ಮೇಲೆ ಕೊಟ್ಟರೆ 250 ಸ್ಟಾರ್ಟ್‌ಟಿಎಲ್‌ಎಸ್ ಅಂತ ಸರಿಯಾಗಿಯೇ ಬರುತ್ತಿದೆ! ನನ್ನ ಮಷಿನ್‌ನಿಂದ ಕೊಟ್ಟರೆ ಆ ಜಾಗದಲ್ಲಿ 250 ಆದ ಮೇಲೆ ಸಾಲಾಗಿ ಏಳು ಎಕ್ಸ್, ಕೊನೆಗೆ ಒಂದು ಎ. ಆಥ್ ಸಾಲು ಎರಡೂ ಕಡೆ ಇದೆ. ಇದೇನಿದು?

ಉತ್ತರ:
ಸಿಕ್ಕಿತಲ್ಲ. ಮಧ್ಯದಲ್ಲಿ ಒಂದು ಫೈರ್‌ವಾಲ್ ಇದೆ, ಅದರಲ್ಲಿ ಮೇಲ್ ಇನ್‌ಸ್ಪೆಕ್ಷನ್ ಆನ್ ಆಗಿದೆ. ಟಿಎಲ್‌ಎಸ್ ಶುರುವಾದರೆ ಅದಕ್ಕೆ ಒಳಗೆ ಏನಿದೆ ಅಂತ ಓದೋಕಾಗಲ್ಲ, ಅದಕ್ಕೇ ಆ ಎಂಟು ಅಕ್ಷರವನ್ನು ಎಕ್ಸ್ ಮಾಡಿ ಮುಚ್ಚುತ್ತದೆ. ಯಾರೋ ಕಳ್ಳರು ಮಾಡುವ ಕೆಲಸವನ್ನೇ ನಿಮ್ಮ ಆಫೀಸಿನ ಪೆಟ್ಟಿಗೆ ಒಳ್ಳೆಯ ಉದ್ದೇಶದಿಂದ ಮಾಡುತ್ತಿದೆ. ನೆಟ್‌ವರ್ಕ್ ಟೀಮ್‌ಗೆ ಆ ಎರಡು ಔಟ್‌ಪುಟ್ ಕಳಿಸಿ, ಮೇಲ್ ಸರ್ವರ್‌ಗೆ ಹೋಗುವ ದಾರಿಯಲ್ಲಿ ಇನ್‌ಸ್ಪೆಕ್ಷನ್ ತೆಗೆಯೋಕೆ ಅಥವಾ ಟಿಎಲ್‌ಎಸ್ ಬಿಡೋಕೆ ಹೇಳಿ. "ಆಗಲ್ಲ" ಅಂದರೆ ಪೋರ್ಟ್ 465 ತೆರೆಸಿಕೊಳ್ಳಿ. ಅಲ್ಲಿ ಮೊದಲ ಬೈಟ್‌ನಿಂದಲೇ ಟಿಎಲ್‌ಎಸ್ ಇರುತ್ತದೆ, ಅಳಿಸೋಕೆ ಸ್ಟಾರ್ಟ್‌ಟಿಎಲ್‌ಎಸ್ ಸಾಲೇ ಇಲ್ಲ. 2018ರ ಇಂಟರ್ನೆಟ್ ಮಾನದಂಡ ಆರ್‌ಎಫ್‌ಸಿ 8314 ಕೂಡ ಈ ದಾರಿಯನ್ನೇ ಹೇಳುತ್ತದೆ. ಒಂದು ನೆನಪಿಡಿ, ಸೆಂಡ್‌ಮೇಲ್ ಫಂಕ್ಷನ್ 465ಕ್ಕೆ ಆಗಲ್ಲ. ಅದು ಸರ್ವರ್ ಮೊದಲು ಮಾತಾಡಲಿ ಅಂತ ಕಾಯುತ್ತದೆ, ಸರ್ವರ್ ಟಿಎಲ್‌ಎಸ್ ಶುರುವಾಗಲಿ ಅಂತ ಕಾಯುತ್ತದೆ, ಇಬ್ಬರೂ ಸುಮ್ನೆ ಕೂತಿರುತ್ತಾರೆ. ಟಿಎಲ್‌ಎಸ್ ಡಯಲ್ ಮಾಡಿ, ಆ ಕನೆಕ್ಷನ್ನನ್ನು ಅದೇ ಎಸ್‌ಎಂಟಿಪಿ ಲೈಬ್ರರಿಯ ನ್ಯೂಕ್ಲೈಂಟ್‌ಗೆ ಕೊಡಿ. ಆಗ ಪ್ಲೇನ್‌ಆಥ್ ಗಲಾಟೆ ಮಾಡಲ್ಲ.

ಸರ್ವರ್‌ನಲ್ಲಿ ಓಡುತ್ತಿರುವ ಮೇಲ್ ಸಾಫ್ಟ್‌ವೇರ್ ಪೋಸ್ಟ್‌ಫಿಕ್ಸ್ ಆಗಿದ್ದರೆ ಟಿಎಲ್‌ಎಸ್ ಆದ ಮೇಲೆ ಮಾತ್ರ ಆಥ್ ತೋರಿಸುವ ಸೆಟ್ಟಿಂಗ್ ಒಂದಿದೆ, "ಎಸ್‌ಎಂಟಿಪಿಡಿ ಟಿಎಲ್‌ಎಸ್ ಆಥ್ ಓನ್ಲಿ". ಅದನ್ನು ಯೆಸ್ ಮಾಡಿಸಿ. ಹಳೆಯ ಸ್ಕ್ಯಾನರ್, ಪ್ರಿಂಟರ್ ಏನಾದರೂ ಟಿಎಲ್‌ಎಸ್ ಇಲ್ಲದೆ ಲಾಗಿನ್ ಆಗುತ್ತಿದ್ದರೆ ಅವತ್ತೇ ಗೊತ್ತಾಗುತ್ತದೆ, ಫೋನ್ ಬರುತ್ತದೆ.

ಇನ್ನೊಬ್ಬರು:
ನನಗೂ ಇದೇ ಎರರ್, ಆದರೆ ನಾನು ಟೆಸ್ಟ್‌ಗೆ ಡಾಕರ್‌ನಲ್ಲಿ ಮೇಲ್‌ಪಿಟ್ (ಟೆಸ್ಟ್ ಮೇಲ್ ಹಿಡಿದಿಟ್ಟು ತೋರಿಸುವ ಸರ್ವರ್) ಇಟ್ಟುಕೊಂಡಿದ್ದೇನೆ. ಹೊರಗೆ ಎಲ್ಲೂ ಹೋಗಲ್ಲ. ಇಲ್ಲೂ ಟಿಎಲ್‌ಎಸ್ ಮಾಡಬೇಕಾ?

ಉತ್ತರ:
ಬೇಡ. ಅದಕ್ಕೆ ಸಾಮಾನ್ಯವಾಗಿ ಪಾಸ್‌ವರ್ಡ್ ಕಡ್ಡಾಯವಲ್ಲ, ಆಥ್ ಜಾಗದಲ್ಲಿ ನಿಲ್ ಕೊಡಿ. ಟಿಎಲ್‌ಎಸ್ ಇಲ್ಲದಾಗ ಚೆಕ್ ನೋಡುವುದು ಹೆಸರನ್ನಷ್ಟೇ: ಲೋಕಲ್‌ಹೋಸ್ಟ್, 127.0.0.1, ಅಥವಾ ಐಪಿವಿ6ನ ಲೋಕಲ್ ವಿಳಾಸ ಆದರೆ ಮಾತ್ರ ಬಿಡುತ್ತದೆ. ಡಾಕರ್‌ನ ಸರ್ವಿಸ್ ಹೆಸರು ಕೊಟ್ಟರೆ ಅದಕ್ಕೆ ಹೊರಗಿನ ಸರ್ವರ್ ಥರವೇ ಕಾಣುತ್ತದೆ.

ಮತ್ತೊಬ್ಬರು:
ಟಿಎಲ್‌ಎಸ್ ರಗಳೆ ಯಾಕೆ, ಕ್ರ್ಯಾಮ್-ಎಂಡಿ5 (ಸರ್ವರ್ ಕೊಟ್ಟ ಸವಾಲಿಗೆ ಪಾಸ್‌ವರ್ಡ್‌ನಿಂದ ಲೆಕ್ಕ ಹಾಕಿ ಉತ್ತರ ಕೊಡುವ ಲಾಗಿನ್) ಬಳಸಿದರೆ ಪಾಸ್‌ವರ್ಡ್ ತಂತಿಯ ಮೇಲೆ ಹೋಗುವುದೇ ಇಲ್ಲವಲ್ಲ?

ಉತ್ತರ:
ಹೋಗಲ್ಲ, ನಿಜ. ಆದರೆ ಪತ್ರ ಬರಿಮೈಯಲ್ಲೇ ಹೋಗುತ್ತದೆ. ಸವಾಲು, ಉತ್ತರ ಎರಡನ್ನೂ ಹಿಡಿದಿಟ್ಟುಕೊಂಡವನು ಮನೆಗೆ ಹೋಗಿ ಆರಾಮಾಗಿ ಪಾಸ್‌ವರ್ಡ್ ಊಹಿಸುತ್ತಾ ಕೂರಬಹುದು. ಸರ್ವರ್ ಕಡೆಯೂ ಪಾಸ್‌ವರ್ಡನ್ನೇ ಅಥವಾ ಅದಕ್ಕೆ ಸಮನಾದದ್ದನ್ನು ಇಟ್ಟುಕೊಂಡಿರಬೇಕು, ಒಳ್ಳೆಯ ಹ್ಯಾಶ್ ಇಡೋಕಾಗಲ್ಲ. ನಾನಂತೂ ಹೊಸದಾಗಿ ಯಾರಿಗೂ ಹಾಕಿಕೊಡಲ್ಲ.

ಇನ್ನೊಬ್ಬರು:
ನಾವು ಮೇಲ್ ಸ್ವೀಕರಿಸುವ ಸರ್ವರನ್ನೇ ಗೋ-ಎಸ್‌ಎಂಟಿಪಿ ಲೈಬ್ರರಿಯಲ್ಲಿ ಬರೆದಿದ್ದೇವೆ. ಅದರಲ್ಲಿ "ಅಲೌ ಇನ್‌ಸೆಕ್ಯೂರ್ ಆಥ್" ಅಂತ, ಟಿಎಲ್‌ಎಸ್ ಇಲ್ಲದೆಯೂ ಲಾಗಿನ್ ಬಿಡುವ ಆಪ್ಷನ್ನೇ ಇದೆ. ಹಾಗಾದರೆ ಅದನ್ನು ಇಟ್ಟಿದ್ದು ಯಾಕೆ?

ಉತ್ತರ:
ಒಂದು ಕಡೆ ಅದು ಬೇಕಾಗುತ್ತದೆ. ಮುಂದೆ ಒಂದು ಪ್ರಾಕ್ಸಿ (ಮಧ್ಯವರ್ತಿ ಸರ್ವರ್) ಟಿಎಲ್‌ಎಸ್ ಬಿಚ್ಚಿ, ಅದೇ ಮಷಿನ್‌ನಲ್ಲಿ ನಿಮ್ಮ ಸರ್ವರ್‌ಗೆ ಬರೀ ಪಠ್ಯ ಕೊಡುತ್ತಿದ್ದರೆ ಲೈಬ್ರರಿಗೆ ಟಿಎಲ್‌ಎಸ್ ಇತ್ತು ಅಂತ ಗೊತ್ತೇ ಆಗಲ್ಲ, ಆಥ್ ತೋರಿಸಲ್ಲ. ಅಲ್ಲಿ ಆನ್ ಮಾಡಿ, ಜೊತೆಗೆ ಸರ್ವರ್ 127.0.0.1ರಲ್ಲಿ ಮಾತ್ರ ಕೇಳಿಸಿಕೊಳ್ಳುವ ಹಾಗೆ ಕಟ್ಟಿಹಾಕಿ. ಎಲ್ಲಾ ವಿಳಾಸಕ್ಕೂ ತೆರೆದಿಟ್ಟು ಈ ಆಪ್ಷನ್ ಆನ್ ಮಾಡಿದರೆ ಪ್ರಾಕ್ಸಿಯ ಮೂಲಕ ಬರುವವರೂ ಬರುತ್ತಾರೆ, ಅದನ್ನು ತಪ್ಪಿಸಿ ಪಕ್ಕದಿಂದ ನೇರ ಬರುವವರೂ ಬರುತ್ತಾರೆ.

ಪ್ರಶ್ನೆ ಕೇಳಿದವರು:
ಮೇಡಂ, ನೆಟ್‌ವರ್ಕ್‌ನವರು ಇನ್‌ಸ್ಪೆಕ್ಷನ್ ತೆಗೆದರು. ಈಗ "ಸರ್ಟಿಫಿಕೇಟ್ ಸೈನ್ಡ್ ಬೈ ಅನ್‌ನೋನ್ ಅಥಾರಿಟಿ" ಅಂತಿದೆ. ಸರ್ಟಿಫಿಕೇಟ್ ಪರೀಕ್ಷೆಯನ್ನೇ ಬಿಟ್ಟುಬಿಡುವ ಇನ್‌ಸೆಕ್ಯೂರ್ ಸ್ಕಿಪ್ ವೆರಿಫೈ ಹಾಕಲಾ?

ಉತ್ತರ:
ಆ ಕಡೆಯಿಂದ ಬಿಟ್ಟು ಈ ಕಡೆಯಿಂದ ಬಂದಿರಾ! ಅದನ್ನು ಹಾಕಿದರೆ ಎನ್‌ಕ್ರಿಪ್ಷನ್ ಇರುತ್ತದೆ, ಯಾರ ಜೊತೆ ಅಂತ ಮಾತ್ರ ಗೊತ್ತಿರಲ್ಲ. ನಿಮ್ಮ ಆಫೀಸಿನದೇ ಸಿಎ (ಬೇರೆ ಸರ್ಟಿಫಿಕೇಟ್‌ಗಳಿಗೆ ಸಹಿ ಹಾಕುವ ಅಥಾರಿಟಿ) ಸರ್ಟಿಫಿಕೇಟ್ ಇರಬೇಕು, ಅಡ್ಮಿನ್ ಹತ್ತಿರ ಕೇಳಿ. ಉಬುಂಟು ಆದರೆ ಲೋಕಲ್ ಸಿಎ ಸರ್ಟಿಫಿಕೇಟ್ ಫೋಲ್ಡರ್‌ಗೆ ಹಾಕಿ ಅಪ್‌ಡೇಟ್ ಕಮಾಂಡ್ ಓಡಿಸಿ, ಫೈಲ್ ಹೆಸರು ಡಾಟ್ ಸಿಆರ್‌ಟಿ ಅಂತಲೇ ಮುಗಿಯಬೇಕು. ಪ್ರೋಗ್ರಾಂ ರೀಸ್ಟಾರ್ಟ್ ಮಾಡಿ, ಕೋಡ್ ಮುಟ್ಟುವ ಅಗತ್ಯವೇ ಇಲ್ಲ. ಅದಾದ ಮೇಲೂ "ಲೆಗಸಿ ಕಾಮನ್ ನೇಮ್" ಅಂತ ಬೈದರೆ, ಆ ಸರ್ಟಿಫಿಕೇಟ್‌ನಲ್ಲಿ ಸರ್ವರ್ ಹೆಸರು ಹಳೆಯ ಜಾಗದಲ್ಲಿ ಮಾತ್ರ ಇದೆ ಅಂತ ಅರ್ಥ. ಗೋ 1.15ರಿಂದ ಅದನ್ನು ಒಪ್ಪಲ್ಲ, ಎಸ್‌ಎಎನ್ (ಸರ್ವರ್ ಹೆಸರು ಬರೆಯುವ ಹೊಸ ಜಾಗ) ಹಾಕಿ ಹೊಸದು ಮಾಡಿಸಿಕೊಳ್ಳಿ. ಹೆಸರು ಮಾತ್ರ ನೀವು ಕೋಡ್‌ನಲ್ಲಿ ಕೊಟ್ಟಿರುವ ಹೆಸರೇ ಆಗಿರಲಿ, ಐಪಿ ನಂಬರ್ ಕೊಟ್ಟು ಮತ್ತೆ ಇಲ್ಲಿಗೆ ಬರಬೇಡಿ.