ಎಸ್‌ಎಸ್‌ಡಿ ಹಾಕಿದ ಮೇಲೆ ಲ್ಯಾನ್ ಪೋರ್ಟುಗಳ ಹೆಸರು ಬದಲಾಗಿದೆ, ನೆಟ್ ಇಲ್ಲ

ನೀರ್ಚಾಲಿನಿಂದ ಪ್ರಶ್ನೆ:
ನಮ್ಮ ವಾಚನಾಲಯದಲ್ಲಿ ಡೆಬಿಯನ್ ಲಿನಕ್ಸ್ ಹಾಕಿದ ಹಳೇ ಕಂಪ್ಯೂಟರೇ ರೂಟರ್. ಮದರ್‌ಬೋರ್ಡಿನ ಪೋರ್ಟಿಗೆ ಫೈಬರ್ ಮೋಡೆಮ್, ಬೇರೆ ಕಾರ್ಡಿನ ಪೋರ್ಟಿಗೆ ಮಕ್ಕಳ ಕಂಪ್ಯೂಟರುಗಳ ಸ್ವಿಚ್. ಮೊನ್ನೆ ಎನ್‌ವಿಎಂಇ ಎಸ್‌ಎಸ್‌ಡಿ ಸೇರಿಸಿದೆವು, ಆಮೇಲೆ ನೆಟ್ ಇಲ್ಲ. ಮೊದಲು ಇಎನ್‌ಪಿ2ಎಸ್0, ಇಎನ್‌ಪಿ3ಎಸ್0 ಇದ್ದವು. ಈಗ ಇಎನ್‌ಪಿ3ಎಸ್0, ಇಎನ್‌ಪಿ4ಎಸ್0 ಕಾಣುತ್ತಿವೆ. ಕಾರ್ಡ್ ಹಾಳಾಯಿತಾ?

ಪೆರ್ಲದಿಂದ ಉತ್ತರ:
ಹಾಳಾಗಿಲ್ಲ ಮಾಷ್ಟ್ರೇ. ಮೊದಲು ಮೋಡೆಮಿನ ಕೇಬಲ್ ತೆಗೆದಿಡಿ.

ಹೆಸರಿನ 'ಪಿ' ಪಿಸಿಐ ಬಸ್ (ಕಾರ್ಡುಗಳನ್ನು ಮದರ್‌ಬೋರ್ಡಿಗೆ ಸೇರಿಸುವ ದಾರಿ) ನಂಬರು, 'ಎಸ್' ಸ್ಲಾಟ್. ಎನ್‌ವಿಎಂಇ ಎಸ್‌ಎಸ್‌ಡಿಯೂ ಪಿಸಿಐ ಸಾಧನವೇ. ಅದು ಒಂದು ಬಸ್ ನಂಬರು ಹಿಡಿಯಿತು, ಅದರ ನಂತರದವು ಒಂದೊಂದು ಮುಂದೆ ಸರಿದವು. ಕರ್ನಲ್ (ಲಿನಕ್ಸಿನ ತಿರುಳು) ಇಡುವ ಇಟಿಎಚ್0, ಇಟಿಎಚ್1 ಡ್ರೈವರಿಗೆ ಯಾವುದು ಮೊದಲು ಸಿಕ್ಕಿತೋ ಆ ಕ್ರಮದಲ್ಲಿ ಬರುತ್ತವೆ, ಒಂದು ಬೂಟಿಗೂ ಇನ್ನೊಂದಕ್ಕೂ ಅದಲುಬದಲಾಗಬಹುದು. ಅದಕ್ಕೇ 2013ರಲ್ಲಿ ಸಿಸ್ಟಮ್‌ಡಿ (ಬೂಟಿನಲ್ಲಿ ಸೇವೆಗಳನ್ನು ಶುರುಮಾಡುವ ತಂತ್ರಾಂಶ) 197ನೇ ಆವೃತ್ತಿ ಜಾಗ ನೋಡಿ ಹೆಸರಿಡುವ ಪದ್ಧತಿ ತಂದಿತು. ಒಳ್ಳೇ ಪದ್ಧತಿಯೇ. ಆದರೆ ಜಾಗದ ನಂಬರೇ ಬದಲಾದರೆ ಅದೇನು ಮಾಡೀತು?

ನಿಮಗೆ ಅಪಾಯ ಇರುವುದು ಇಎನ್‌ಪಿ3ಎಸ್0 ಹೆಸರಿನಲ್ಲಿ. ಹಳೇ ಸೆಟ್ಟಿಂಗಿನಲ್ಲಿ ಅದು ಮಕ್ಕಳ ಕಡೆಯದು. ಈಗ ಅದೇ ಹೆಸರು ಮೋಡೆಮ್ ಪೋರ್ಟಿಗೆ ಬಂದಿದೆ. ಫೈರ್‌ವಾಲ್ ನಿಯಮಗಳು ಹೆಸರನ್ನೇ ನಂಬುತ್ತವೆ. ಒಳಗಿನವರಿಗೆ ಬಿಟ್ಟಿದ್ದೆಲ್ಲ ಈಗ ಹೊರಗಿನವರಿಗೆ ಬಿಟ್ಟಂತೆ. ಕೇಬಲ್ ತೆಗೆಯಿರಿ ಅಂದದ್ದು ಇದಕ್ಕೇ.

ಹೆಸರು ನೀವೇ ಇಡಿ. 'ಐಪಿ ಲಿಂಕ್' ಕೊಟ್ಟು ಎರಡರ ಮ್ಯಾಕ್ ವಿಳಾಸ (ಪ್ರತಿ ಪೋರ್ಟಿಗೂ ಇರುವ ಬೇರೆಬೇರೆ ಗುರುತಿನ ಸಂಖ್ಯೆ) ಬರೆದುಕೊಳ್ಳಿ. ಯಾವುದು ಯಾವ ಪೋರ್ಟು ಎಂದು ಗೊತ್ತಾಗದಿದ್ದರೆ 'ಇಥ್‌ಟೂಲ್ -ಪಿ' ಕೊಡಿ, ಬಹಳಷ್ಟು ಕಾರ್ಡುಗಳಲ್ಲಿ ಆ ಪೋರ್ಟಿನ ದೀಪ ಮಿನುಗುತ್ತದೆ. ಆಮೇಲೆ '/ಇಟಿಸಿ/ಸಿಸ್ಟಮ್‌ಡಿ/ನೆಟ್‌ವರ್ಕ್' ಒಳಗೆ ಪೋರ್ಟಿಗೊಂದು '.ಲಿಂಕ್' ಫೈಲ್ ಮಾಡಿ. 'ಮ್ಯಾಚ್' ಭಾಗದಲ್ಲಿ ಮ್ಯಾಕ್ ವಿಳಾಸ, 'ಲಿಂಕ್' ಭಾಗದಲ್ಲಿ ಹೆಸರು: ಮೋಡೆಮಿನದಕ್ಕೆ ವ್ಯಾನ್0, ಮಕ್ಕಳ ಕಡೆಯದಕ್ಕೆ ಲ್ಯಾನ್0. ಇಟಿಎಚ್0 ಅಂತ ಮಾತ್ರ ಇಡಬೇಡಿ, ಕರ್ನಲ್ಲೂ ಅದನ್ನೇ ಇಡುವುದರಿಂದ ತಿಕ್ಕಾಟ ಆಗುತ್ತದೆ. ಇಂಟರ್‌ಫೇಸಸ್ ಫೈಲ್, ಡಿಎಚ್‌ಸಿಪಿ, ಫೈರ್‌ವಾಲ್ ಮೂರರಲ್ಲೂ ಹೊಸ ಹೆಸರು ಬರೆದು ರೀಬೂಟ್ ಮಾಡಿ.

ನೀರ್ಚಾಲಿನಿಂದ:
ಬರೆದೆ, ರೀಬೂಟ್ ಮಾಡಿದೆ. ಹಳೇ ಹೆಸರೇ ಬರುತ್ತಿದೆ. ಕರ್ನಲ್ಲಿಗೆ 'ನೆಟ್.ಐಎಫ್‌ನೇಮ್ಸ್=0' ಕೊಟ್ಟರೆ ಸಾಕು ಅಂತ ಇಲ್ಲೊಬ್ಬರು ಹೇಳುತ್ತಾರೆ. ಅದು ಸುಲಭ ಅಲ್ವಾ?

ಪೆರ್ಲದಿಂದ:
ಒಂದೇ ಪೋರ್ಟಿನ ಕಂಪ್ಯೂಟರಿಗೆ ಸರಿ. ಎರಡಿರುವಲ್ಲಿ ಬೇಡ, ಮತ್ತೆ ಇಟಿಎಚ್ ಅದಲುಬದಲಿಗೇ ಬಂದು ನಿಲ್ಲುತ್ತೀರಿ. ಹೆಸರು ಬದಲಾಗುವುದು ಬೂಟಿನ ಶುರುವಿನಲ್ಲಿ, ಇನಿಟ್‌ರಾಮ್‌ಎಫ್‌ಎಸ್ (ಬೂಟಿಗೆಂದೇ ಮೊದಲು ಮೆಮೊರಿಗೆ ಬರುವ ಪುಟ್ಟ ಫೈಲ್ ಕಟ್ಟು) ಒಳಗೇ. ಅಲ್ಲಿ ನಿಮ್ಮ ಫೈಲ್ ಇನ್ನೂ ಸೇರಿಲ್ಲ. 'ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು' ಓಡಿಸಿ ಮತ್ತೆ ರೀಬೂಟ್ ಮಾಡಿ.

ನೀರ್ಚಾಲಿನಿಂದ:
ಲ್ಯಾನ್0, ವ್ಯಾನ್0 ಬಂದವು. ಕೇಬಲ್ ಹಾಕಿದೆ, ಮಕ್ಕಳ ಕಂಪ್ಯೂಟರುಗಳಿಗೆ ನೆಟ್ ಸಿಗುತ್ತಿದೆ.