ಓದುಗರ ಸ್ಪಂದನ: ಪಕ್ಕದವರ ನೆಟಿಕೆ, ನನ್ನ ತಲೆನೋವು

ಸಮಸ್ಯೆ: ಆಫೀಸಿನಲ್ಲಿ ಪಕ್ಕದ ಸೀಟಿನವರು ದಿನವಿಡೀ ಬೆರಳಿನ ನೆಟಿಕೆ ಮುರಿಯುತ್ತಾರೆ. ಬೆರಳು ಮುಗಿದರೆ ಕುತ್ತಿಗೆ. ಮನೆಗೆ ಬಂದರೆ ಗಂಡನದೂ ಅದೇ ಕತೆ. ಆ ‘ಟಕ್’ ಸದ್ದಿಗೆ ಮೈಯೆಲ್ಲ ಉರಿಯುತ್ತದೆ. ಸಂಧಿವಾತ ಬರುತ್ತೆ ಎಂದು ಹೆದರಿಸಿದರೂ ನಗುತ್ತಾರೆ. ಏನು ಮಾಡಲಿ?

ಸಂಧಿವಾತದ ಮಾತು ಬಿಟ್ಟುಬಿಡಿ ಮೇಡಂ, ಅದರಲ್ಲಿ ನೀವು ಗೆಲ್ಲುವುದಿಲ್ಲ. ಅಮೆರಿಕದ ವೈದ್ಯ ಡೊನಾಲ್ಡ್ ಅಂಗರ್ 60 ವರ್ಷಕ್ಕೂ ಹೆಚ್ಚು ಕಾಲ ಎಡಗೈ ಬೆರಳುಗಳ ನೆಟಿಕೆ ಮಾತ್ರ ಮುರಿದರು. ಹೋಲಿಸಿ ನೋಡಲು ಬಲಗೈಯನ್ನು ಹಾಗೇ ಬಿಟ್ಟರು. ಎರಡು ಕೈಗೂ ಸಂಧಿವಾತ ಬರಲಿಲ್ಲ. ಈ ಹಠಕ್ಕೆ 2009ರಲ್ಲಿ ಇಗ್ ನೊಬೆಲ್ ಬಹುಮಾನವೂ (ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವಂಥದ್ದು) ಸಿಕ್ಕಿತು. (ಅಷ್ಟು ವರ್ಷ ಅವರ ಪಕ್ಕ ಕೂತವರ ಪಾಡೇನು ಅಂತ ನನಗೆ ಯೋಚನೆ!) ಒಬ್ಬರ ಕೈ ನೋಡಿ ಎಲ್ಲವನ್ನೂ ತೀರ್ಮಾನಿಸಲಾಗದು, ನಿಜ. ಆದರೆ ಹೆಚ್ಚು ಜನರನ್ನು ನೋಡಿದ ಅಧ್ಯಯನಗಳಲ್ಲೂ ಸಂಧಿವಾತಕ್ಕೂ ನೆಟಿಕೆಗೂ ನಂಟು ಸಿಕ್ಕಿಲ್ಲ. ‘ನಿಮಗೆ ಕೆಟ್ಟದ್ದು’ ಅನ್ನುವ ಬದಲು ‘ನನಗೆ ಕಷ್ಟವಾಗುತ್ತದೆ’ ಅನ್ನಿ. ಅಷ್ಟು ಕಾರಣ ಸಾಲದಾ?
– ನಿವೃತ್ತ ವಿಜ್ಞಾನ ಶಿಕ್ಷಕಿ

ನಾನು ನೆಟಿಕೆ ಮುರಿಯುವವರ ಪಾರ್ಟಿ. ಸುಮ್ನೆ ನಿಮ್ಮನ್ನು ಕೆಣಕಲು ಮಾಡುವುದಲ್ಲ ಇದು. ಕೀಲಿನೊಳಗಿನ ದ್ರವದಲ್ಲಿ ಅನಿಲ ಕರಗಿರುತ್ತದೆ. ಬೆರಳು ಎಳೆದಾಗ ಅಲ್ಲಿ ಒತ್ತಡ ಇಳಿದು ಗುಳ್ಳೆ ಏಳುತ್ತದೆ, ಸದ್ದು ಬರುತ್ತದೆ. ಬಿಗಿ ಸಡಿಲಾದಂತೆ ಹಾಯೆನಿಸುತ್ತದೆ. ಅದೇ ಬೆರಳು ಮತ್ತೆ ಸದ್ದು ಮಾಡಲು ಸುಮಾರು 20 ನಿಮಿಷ ಬೇಕು. ಬೆರಳು ಹತ್ತಿವೆ ಅನ್ನುವುದೇ ನಿಮ್ಮ ದುರದೃಷ್ಟ. ಎಷ್ಟೋ ಸಲ ಮುರಿದದ್ದು ನಮಗೇ ಗೊತ್ತಿರುವುದಿಲ್ಲ. ಎಲ್ಲರ ಮುಂದೆ ‘ಛೀ’ ಅಂದರೆ ಹಠ ಬರುತ್ತದೆ. ಒಬ್ಬರೇ ಇದ್ದಾಗ ಮೆತ್ತಗೆ ಹೇಳಿ, ಕೇಳುತ್ತೇವೆ. ಕೈಗೆ ಒಂದು ರಬ್ಬರ್ ಚೆಂಡು ಕೊಟ್ಟರೆ ಇನ್ನೂ ಒಳ್ಳೆಯದು.
– ಇನ್ನೊಂದು ಪಕ್ಷದವನು

ಬರೀ ಕಿರಿಕಿರಿಯಾದರೆ ಸರಿ. ಸದ್ದು ಕೇಳಿದ ತಕ್ಷಣ ಎದೆ ಹೊಡೆದುಕೊಂಡು, ಸಿಟ್ಟು ಉಕ್ಕಿ, ಎದ್ದು ಓಡಬೇಕು ಅನಿಸುತ್ತದಾ? ಕೆಲವರಿಗೆ ಅಗಿಯುವ, ಮೂಗೆಳೆಯುವ, ಪೆನ್ನು ಕ್ಲಿಕ್ ಮಾಡುವ ಸದ್ದಿಗೂ ಹೀಗಾಗುತ್ತದೆ. ಇದನ್ನು ಮಿಸೊಫೋನಿಯಾ ಎನ್ನುತ್ತಾರೆ. ಈ ಹೆಸರು ಬಂದದ್ದೇ 2001ರಲ್ಲಿ, ಹಾಗಾಗಿ ಹಿರಿಯರು ‘ಅತಿಯಾಯ್ತು ನಿಂದು’ ಅಂದರೆ ಬೇಸರ ಬೇಡ. ಶ್ರವಣ ತಜ್ಞರು ಅಥವಾ ಆಪ್ತ ಸಮಾಲೋಚಕರ ಹತ್ತಿರ ಮಾತಾಡಿ. ಹೆಡ್‌ಫೋನಿನಲ್ಲಿ ಮಳೆ ಸದ್ದಿನಂಥದ್ದು ಸಣ್ಣಗೆ ಹಾಕಿಕೊಂಡರೆ ನನಗೆ ತಡೆಯುವಷ್ಟಾಗುತ್ತದೆ. ದಿನವಿಡೀ ಕಿವಿ ಮುಚ್ಚಿಕೊಂಡು ಮಾತ್ರ ಇರಬೇಡಿ, ಆಮೇಲೆ ಸಣ್ಣ ಸದ್ದೂ ಜಾಸ್ತಿ ಚುಚ್ಚುತ್ತದೆ.
– ನಿಮ್ಮಂಥವಳೇ

ಕುತ್ತಿಗೆ ವಿಷಯ ಬೇರೆ. ಜೋರಾಗಿ ತಿರುಚಿದರೆ ಅಪರೂಪಕ್ಕೆ ರಕ್ತನಾಳಕ್ಕೆ ಪೆಟ್ಟಾಗುವುದುಂಟು. ಅದನ್ನು ಧೈರ್ಯವಾಗಿ ಹೇಳಿ. ಸದ್ದಿನ ಜೊತೆ ನೋವು, ಊತ ಇದ್ದರೆ ಡಾಕ್ಟರಿಗೆ ತೋರಿಸಲಿ.
– ಫಿಸಿಯೋಥೆರಪಿಸ್ಟ್

ಆಫೀಸಿನಲ್ಲಿ ಸೀಟು ಬದಲಿಸಿ, ಮುಗೀತು. ಗಂಡನ ಹತ್ತಿರ ಆ ಅನುಕೂಲ ಇಲ್ಲ ಅಲ್ವಾ? ಪೂರ್ತಿ ಬಿಡಿ ಅಂದರೆ ಆಗುವ ಮಾತಲ್ಲ. ಊಟಕ್ಕೆ ಕೂತಾಗ, ಮಲಗುವ ಹೊತ್ತಲ್ಲಿ ಬೇಡ ಅಂತ ಹೇಳಿ. ಬಚ್ಚಲುಮನೆಯಲ್ಲಿ ಎಷ್ಟು ಬೇಕಾದರೂ ಮುರಿದುಕೊಳ್ಳಲಿ.
– ಅನುಭವಸ್ಥೆ